ಪೆಟ್ರೋಲ್ ಸಾಲದು ಎಂದ ಸೆನ್ಸರ್

ಎಂಜಿನ್ ಕೆಟ್ಟಿದೆ ಎಂದು ಎಚ್ಚರಿಸುವ ಆ ಹಳದಿ ದೀಪಕ್ಕೆ ಹೊತ್ತಿಕೊಳ್ಳಲು ಬೇರೆ ದಿನವೇ ಸಿಗಲಿಲ್ಲ. ಸಂಜೆ ನಾಲ್ಕರೊಳಗೆ ಕಾರಿನ ಹೊಗೆ ತಪಾಸಣೆ ಆಗದಿದ್ದರೆ ಡ್ರೈವಿಂಗ್ ಮೇಷ್ಟ್ರ ಶಾಲೆಯ ಪರವಾನಗಿ ರದ್ದು. ಮೇಷ್ಟ್ರು ಕಾರನ್ನು ನೇರ ಭಾಮೈದನ ಗ್ಯಾರೇಜಿಗೆ ತಂದು ನಿಲ್ಲಿಸಿದರು.

ಭಾಮೈದ ತನ್ನ ಯಂತ್ರ ಸಿಕ್ಕಿಸಿ ಓದಿದ. "ಭಾವ, ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಅದು ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು ಅಂತಿದೆ."

"ಸಾಲದಾ?" ಮೇಷ್ಟ್ರು ಕಾರಿನ ಹಿಂಭಾಗಕ್ಕೆ ಕೈ ಚಾಚಿದರು. ಸೈಲೆನ್ಸರ್ ಕಪ್ಪು ಹೊಗೆ ಕಾರುತ್ತಿತ್ತು. ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತಿತ್ತು. "ಕಂಠಮಟ್ಟ ಕುಡಿದು ತೇಗ್ತಿದೆ! ಮೂರು ಸಲ ಬಡಿಸಿಕೊಂಡು ತಿಂದು, ಯಾರೂ ಕೇಳಲೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರೋ ನೆಂಟನ ಹಾಗೆ!"

"ಅದರ ಮಾತು ನಂಬಿ ಕಾರಿನ ಕಂಪ್ಯೂಟರ್ ಇನ್ನೂ ಇನ್ನೂ ಪೆಟ್ರೋಲ್ ಹುಯ್ತಿದೆ. ಅದಕ್ಕೇ ಹೊಗೆ."

ಎದುರಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. "ಸೆನ್ಸರ್ ಕೆಟ್ಟಿದೆ ಸಾರ್. ಕಿತ್ತು ಬಿಸಾಕಿ, ಹೊಸದು ಹಾಕಿಸಿ."

"ನೀನು ಗುಂಡಿ ಹೊಲಿ ಹೋಗಯ್ಯ," ಎಂದ ಭಾಮೈದ. ಆದರೆ ಮೇಷ್ಟ್ರಿಗೆ ಟೈಲರ್ ಮಾತೇ ಹಿಡಿಸಿತು. ಹೊಸ ಸೆನ್ಸರ್ ತರಿಸಿ ಕೂರಿಸಿದ್ದಾಯಿತು. ಅದೂ ಅದೇ ರಾಗ ಎಳೆಯಿತು.

"ಎರಡೂ ಒಳಗೊಳಗೇ ಮಾತಾಡ್ಕೊಂಡಿವೆ!" ಮೇಷ್ಟ್ರು ಬಾನೆಟ್ ಗುದ್ದಿ, ಕೈ ನೋಯಿಸಿಕೊಂಡರು.

ಎರಡು ಗಂಟೆಗೆ ಭಾಮೈದ ಕಾರಿನ ಅಡಿಯಿಂದ ಮಸಿ ಮೆತ್ತಿದ ಮುಖ ಹೊರಹಾಕಿದ. "ಅದನ್ನ ಬೈಬೇಡಿ ಭಾವ. ಸೆನ್ಸರ್‌ಗಿಂತ ಸ್ವಲ್ಪ ಮುಂಚೆ ಕೊಳವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಹೊರಗಿನ ಗಾಳಿ ನುಗ್ತಿದೆ. ಅದು ಪಾಪ, ಮೂಗಿಗೆ ಬಡಿದದ್ದನ್ನ ಹೇಳ್ತಿದೆ."

"ನನ್ನ ಹೊಟ್ಟೆ ಮೇಲೆ ಹೊಡೀತಿದೆ, ಅದಕ್ಕೆ ಪಾಪವಂತೆ!"

ಭಾಮೈದ ವೆಲ್ಡಿಂಗ್‌ಗೆ ಇಳಿದ. ಮೇಷ್ಟ್ರು ಟೈಲರ್ ಅಂಗಡಿಯಲ್ಲಿ ಕುಳಿತು ಸೆನ್ಸರ್ ಕಂಡುಹಿಡಿದವನ ವಂಶವನ್ನೆಲ್ಲ ಜಾಲಾಡಿದರು. ಮೂರೂವರೆಗೆ ಬಿರುಕು ಮುಚ್ಚಿತು, ದೀಪ ಆರಿತು, ಹೊಗೆ ತಿಳಿಯಾಯಿತು. ಮೇಷ್ಟ್ರು ಕಾರು ಹತ್ತಿ ಓಡಿಸಿದರು.

ತಪಾಸಣೆ ಕೇಂದ್ರ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಅಲ್ಲಿನ ಹುಡುಗಿ ಅವರ ಹಳೇ ಶಿಷ್ಯೆ. ನಗುತ್ತಲೇ ಯಂತ್ರ ಸಿಕ್ಕಿಸಿದವಳು ಹುಬ್ಬು ಗಂಟಿಕ್ಕಿದಳು. "ಸಾರ್, ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು ಅಂತ ತೋರಿಸ್ತಿದೆ."

"ಮತ್ತೆ ಶುರು ಮಾಡ್ತಾ!" ಮೇಷ್ಟ್ರು ಸಿಡಿದರು. "ನಂಬಬೇಡಮ್ಮ! ಬೆಳಿಗ್ಗೆಯಿಂದ ಇದೇ ಸುಳ್ಳು! ಹೊಸದು, ಹಳೇದು, ಎಲ್ಲಾ ಒಂದೇ ಜಾತಿ ಕಳ್ಳರು! ನೀನು ಸೀಲ್ ಒತ್ತು, ನಾನಿದೀನಿ!"

ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಎಷ್ಟು ಕೀಲಿ ತಿರುಗಿಸಿದರೂ ಅಲುಗಲಿಲ್ಲ.

"ಸಾರ್, ಮುಳ್ಳು ನೋಡಿ. ಟ್ಯಾಂಕ್ ಖಾಲಿ."

"ಸಾಧ್ಯವೇ ಇಲ್ಲ! ಬೆಳಿಗ್ಗೆ ತಾನೇ ಫುಲ್ ಮಾಡಿಸಿದೀನಿ!"

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. "ಭಾವ," ಎಂದ ಭಾಮೈದ ಮೆಲ್ಲಗೆ, "ವೆಲ್ಡಿಂಗ್‌ಗೆ ಮುಂಚೆ ಬೆಂಕಿ ಭಯಕ್ಕೆ ನಿಮ್ಮ ಟ್ಯಾಂಕಿನ ತಳದಲ್ಲಿ ಚೂರು ಬಿಟ್ಟು ಮಿಕ್ಕ ಪೆಟ್ರೋಲ್ ಎಲ್ಲಾ ಕ್ಯಾನಿಗೆ ತೆಗೆದಿಟ್ಟಿದ್ದೆ. ವಾಪಸ್ ಹುಯ್ಯೋದು ಮರೆತೇಹೋಯ್ತು. ಅಲ್ಲೇನೂ ತೊಂದ್ರೆ ಆಗಿಲ್ಲ ತಾನೆ? ಸೆನ್ಸರ್ ಕೆಲಸ ಮಾಡ್ತಿದೆಯಾ?"

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಹುಡುಗಿ ತಲೆ ತಗ್ಗಿಸಿ ಒಳಹೋಗಿ ಕೌಂಟರಿನ ಕಿಟಕಿ ಎಳೆದುಕೊಂಡಳು.

"ಮಾಡ್ತಿದೆ ಕಣಯ್ಯ," ಎಂದರು ಮೇಷ್ಟ್ರು. "ಇಡೀ ಗಾಡಿಯಲ್ಲಿ ಈಗ ಕೆಲಸ ಮಾಡ್ತಿರೋದು ಅದೊಂದೇ."