ಊರು ಬಿಟ್ಟವನ ಹಾಡು

ಹಾಲೇಶ ತೀರಿಕೊಂಡ ಸುದ್ದಿ ಕಲ್ಯಾಣದುರ್ಗದಿಂದ ಬಂದಾಗ ಕರಿಸಿದ್ದಪ್ಪ ಹಿಂದೂಪುರದ ತನ್ನ ಅಂಗಡಿಯಲ್ಲಿ ಹುಣಸೆಹಣ್ಣು ತೂಗಿಸುತ್ತಿದ್ದ. ಸಂಜೆ ನಾಲ್ಕಕ್ಕೆ ಮಣ್ಣು ಎಂದಷ್ಟೇ ಹೇಳಿ ಅತ್ತಲಿನವರು ಫೋನಿಟ್ಟರು. ತಕ್ಕಡಿ ಹಿಡಿದವನು ಹಣ್ಣು ಸುರಿಯುತ್ತಲೇ ಇದ್ದ. ತಟ್ಟೆ ತುಂಬಿ ಹಣ್ಣು ನೆಲಕ್ಕೆ ಬೀಳುತ್ತಿದ್ದಂತೆ ಕರಿಸಿದ್ದಪ್ಪ ಎದ್ದು ಮನೆಗೆ ನಡೆದ.

ಮೂವತ್ತು ವರ್ಷದ ಹಿಂದೆ ಇಬ್ಬರೂ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದರು. ಹಾಲೇಶ ಗಿಟಾರು ಹಿಡಿದು ಹಾಡುವವನು, ಕರಿಸಿದ್ದಪ್ಪ ಡ್ರಮ್ಸ್ ಬಾರಿಸುವವನು. ಹುಣಸೆ ಬಡಿಯುವ ಹೆಂಗಸರ ಕೋಲಿನೇಟು ಕೇಳಿ ಕೇಳಿ ಅವನು ತಾಳ ಕಟ್ಟಿದ್ದ. ಅವರ ಮೊದಲ ಆಲ್ಬಮ್ಮೇ ಕೊನೆಯದೂ ಆಯಿತು. ಪುಕ್ಕಟೆ ಕೊಟ್ಟ ಕ್ಯಾಸೆಟ್ಟುಗಳ ಮೇಲೆ ಊರವರು ಮಕ್ಕಳ ಅಳು ರೆಕಾರ್ಡ್ ಮಾಡಿಕೊಂಡರು. ಮೊದಲ ಹಾಡು, ಅಪ್ಪನ ಮೇಲಿನ ಸಿಟ್ಟಿನಲ್ಲಿ ಹಾಲೇಶ ಬರೆದದ್ದು: ‘ಬಿಟ್ಟು ಹೊಂಟೆ ನಿಮ್ಮೂರ, ಕೂಗಬ್ಯಾಡಿ ನನ್ನೆಸರ.’ ಅಷ್ಟು ಅಬ್ಬರಿಸಿ ಅವನು ಹೋದದ್ದು ಕಲ್ಯಾಣದುರ್ಗಕ್ಕೆ, ಮಾವನ ಮನೆಗೆ, ಅಳಿಯನಾಗಿ. ಹೊರಡುವಾಗ ಇಬ್ಬರೂ ಮಾತು ಕೊಟ್ಟುಕೊಂಡಿದ್ದರು: ಯಾರು ಮೊದಲು ಸತ್ತರೂ ಉಳಿದವನು ಈ ಹಾಡು ಕೇಳಿಸಿಯೇ ಮಣ್ಣು ಹಾಕಬೇಕು.

ಉಳಿದಿದ್ದ ಒಂದೇ ಕ್ಯಾಸೆಟ್ಟು ಟ್ರಂಕಿನ ತಳದಲ್ಲಿ ಸಿಕ್ಕಿತು.

“ಸತ್ತೋರ ಮನೇಗೆ ಆ ಡಬಡಬ ಹೊತ್ಕೊಂಡು ಹೋಯ್ತೀರಾ?” ಎಂದಳು ಹೆಂಡತಿ ಭ್ರಮರಾಂಬ.

“ಹೋಗ್ಲಿ ಬಿಡು ಕಣಮ್ಮ,” ಎಂದು ಪಕ್ಕದ ಮನೆಯ ಸರ್ವಮಂಗಳಮ್ಮ ಗೋಡೆಯಾಚೆಯಿಂದ ಇಣುಕಿದಳು. “ನಿಮ್ಮೋರಲ್ಲಿ ಹೆಣ ಹೆಂಗೂ ಕೂತಿರ್ತೈತೆ. ಇದನ್ನ ಕೇಳಿದ್ರೆ ಎದ್ದು ಓಡೋಯ್ತೈತೆ.”

ರಿಪೇರಿ ಅಂಗಡಿಯ ವೆಂಕಟರಾಮಪ್ಪ ಹಳೆಯ ಟೇಪ್‌ರೆಕಾರ್ಡರ್ ಕೊಟ್ಟ. “ಹಾಡ್ದಿದ್ರೆ ನೆತ್ತಿ ಮೇಲೊಂದು ಬಿಡಪ್ಪ. ನಮ್ಮ ಭಾವಮೈದ ಇದ್ದಂಗೆ, ಏಟು ಬಿದ್ರೇನೇ ಕೆಲ್ಸ.”

ಬಸ್ಸು ಪೆನುಕೊಂಡ ದಾಟಿದಾಗ, ಕತೆಯೆಲ್ಲ ಕೇಳಿದ ಪಕ್ಕದ ಸೀಟಿನವನು ಬಿಡಲಿಲ್ಲ. “ಒಕಸಾರಿ ಟೆಸ್ಟ್ ಮಾಡ್ಬುಡಣ್ಣಾ, ಅಲ್ಲೋಗಿ ಮಾನ ಹೋಗಬಾರ್ದು.” ಕರಿಸಿದ್ದಪ್ಪ ಗುಂಡಿ ಒತ್ತಿದ. ಸದ್ದಿಲ್ಲ. ನೆತ್ತಿಗೊಂದು ಬಿಟ್ಟ. ಯಂತ್ರ ಗುರ್ರೆಂದು ಟೇಪನ್ನೆಲ್ಲ ನುಂಗಿ, ಶಾವಿಗೆಯಂತೆ ಹೊರಗೆ ಕಾರಿತು. ಬಿಡಿಸಲು ನಾಲ್ಕು ಜನ ಕೈ ಹಾಕಿದರು. ಟೇಪು ನಾಲ್ಕು ತುಂಡಾಯಿತು.

ಕಲ್ಯಾಣದುರ್ಗದಲ್ಲಿ ಹಾಲೇಶನನ್ನು ಹೂವಿನ ಮಂಟಪದಲ್ಲಿ ಕೂರಿಸಿ, ಮುಂದೆ ಭಜನೆ ನಡೆದಿತ್ತು. ಜೇಬಿನ ತುಂಬ ಟೇಪಿನ ಸಿಕ್ಕು ತುಂಬಿಕೊಂಡು ಕರಿಸಿದ್ದಪ್ಪ ಕಣ್ಣೊರೆಸುತ್ತ ಒಳಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

‘ಬಿಟ್ಟು ಹೊಂಟೆ ನಿಮ್ಮೂರ, ಕೂಗಬ್ಯಾಡಿ ನನ್ನೆಸರ...’

ಕಂಕುಳಲ್ಲಿದ್ದ ಯಂತ್ರ ತಾನೇ ಹಾಡುತ್ತಿದೆಯೇ ಎಂದು ಕಿವಿಗೊಟ್ಟು ನೋಡಿದ. ಇಲ್ಲ. ಹಾಡುತ್ತಿದ್ದವರು ವಿಭೂತಿ ಬಳಿದುಕೊಂಡ ಹನ್ನೆರಡು ಮಂದಿ ಮುದುಕರು. ಒಂದು ಅಕ್ಷರವೂ ಬದಲಾಗಿರಲಿಲ್ಲ.

“ಇದು... ಇದು ನಮ್ದು!”

“ಶಿವನ ಪದ ಎಲ್ಲಾರ್ದೂ ಕಣಪ್ಪ, ಕೂತ್ಕೋ,” ಎಂದ ಭಜನೆಯ ಹಿರಿಯ ನರಸಪ್ಪ.

“ಅಲ್ಲ ಸ್ವಾಮಿ, ನಾನೂ ಹಾಲೇಶನೂ ಕಟ್ಟಿದ್ದು!”

“ಪಾಪಂ, ದುಃಖದಾಗೆ ತಲೆ ಕೆಟ್ಟೈತೆ,” ಎಂದ ನರಸಪ್ಪ ಉಳಿದವರಿಗೆ. “ನಮ್ಮ ತಾತನ ಕಾಲದ್ದಯ್ಯ ಇದು. ಸುತ್ತ ಇಪ್ಪತ್ತು ಹಳ್ಳೀಲಿ ಈ ಪದ ಹೇಳ್ದೆ ಯಾರ್ನೂ ಮಣ್ಣಿಗಿಳಿಸಲ್ಲ. ಹಾಲೇಶಪ್ಪ ಅಳಿಯನಾಗಿ ಬಂದೋನು, ವಾರದಾಗೆ ಕಲ್ತ್‌ಬುಟ್ಟ!”

ಕರಿಸಿದ್ದಪ್ಪ ಮಂಟಪದ ಕಡೆ ನೋಡಿದ. ಮೂವತ್ತು ವರ್ಷ ಇವರ ನಡುವೆ ಹಾರ್ಮೋನಿಯಂ ಒತ್ತಿದ ಹಾಲೇಶ ಏನೂ ಗೊತ್ತಿಲ್ಲದವನಂತೆ ಕೂತಿದ್ದ.

ಮಾತಿನಿಂದ ಆಗದು ಎಂದು ಕರಿಸಿದ್ದಪ್ಪ ಢೋಲಕ್ ಎಳೆದುಕೊಂಡು ತನ್ನದೇ ಮೂಲ ತಾಳ ಬಾರಿಸಿದ. ನಾಲ್ಕು ಏಟಿಗೆ ನರಸಪ್ಪ ಅವನ ಕೈ ಹಿಡಿದ.

“ತಾಳ ಕೆಡಿಸ್ಬ್ಯಾಡಪ್ಪ. ಇದೇನು ಹುಣಸೆ ಬಡಿಯೋದಾ?”

ಢೋಲಕ್ ಕಿತ್ತು ಕೈಗೆ ಚಿಕ್ಕ ತಾಳ ಕೊಟ್ಟರು. ಸಮಾಧಿಯ ಬಳಿ ಕರಿಸಿದ್ದಪ್ಪ ಬಿಲ್ವಪತ್ರೆಯ ಜೊತೆ ಟೇಪಿನ ಸಿಕ್ಕನ್ನೂ ಮೆಲ್ಲಗೆ ಗುಂಡಿಯೊಳಗೆ ಬಿಟ್ಟ. ನರಸಪ್ಪ ಕೋಲಿನಿಂದ ಎತ್ತಿ ವಾಪಸು ಕೊಟ್ಟ.

“ಪ್ಲಾಸ್ಟಿಕ್ ಹಾಕ್ಬ್ಯಾಡ, ಮಣ್ಣಾಗಲ್ಲ. ಪದ ಬರ್ಕೊಂಡು ಹೋಗು. ನಿಮ್ಮೂರಾಗೆ ಯಾರಿಗೂ ಬರ್ದಿದ್ರೆ ನಿನ್ನ ಕಾಲಕ್ಕೆ ತೊಂದ್ರೆ ಆಯ್ತೈತೆ.”

ಕರಿಸಿದ್ದಪ್ಪ ಒಂದು ಹಿಡಿ ಮಣ್ಣು ಹಾಕಿ ಕೈಮುಗಿದ. “ಶಿವನೇ, ಆ ಹಾಡು ಯಾರದೆಂದು ನಿನಗಾದರೂ ನೆನಪಿರಲಿ. ನೆನಪಿಲ್ಲದಿದ್ದರೆ ಹೋಗಲಿ, ನನ್ನ ಹಾಲೇಶನಿಗೆ ಶಾಂತಿ ಕೊಡು.”