ಬಾಟಲಿಯೊಳಗಿನ ಬಂಧುಗಳು

ನಮ್ಮ ವಂಶದ ಗಂಡಸರನ್ನೆಲ್ಲ ಕ್ವಾರ್ಟರ್ ಬಾಟಲಿಗೆ ಇಳಿಸಿದವಳು ನನ್ನ ಸೋದರತ್ತೆ! ಅವಸರಪಟ್ಟು ಏನೇನೋ ಊಹಿಸಬೇಡಿ. ನಮ್ಮವರು ಕುಡಿಯುವುದಿಲ್ಲ; ಕುಡಿದರೂ ಒಪ್ಪುವುದಿಲ್ಲ. ಅತ್ತೆ ಸಾಕುವುದು ಫೈಟರ್ ಮೀನು. ಬೆರಳುದ್ದದ ಪ್ರಾಣಿ, ಆದರೆ ಎರಡು ಗಂಡುಗಳನ್ನು ಒಂದೇ ನೀರಿಗೆ ಬಿಟ್ಟರೆ ಒಂದು ಇನ್ನೊಂದನ್ನು ಹರಿದುಹಾಕುತ್ತದೆ. ಹಾಗಾಗಿ ಒಂದು ಗಂಡಿಗೆ ಒಂದು ಬಾಟಲಿ, ಒಂದು ಬಾಟಲಿಗೆ ಒಂದು ಚೀಟಿ, ಚೀಟಿಯ ಮೇಲೆ ಅವಳ ಮನಸ್ಸು ನೋಯಿಸಿದ ಒಬ್ಬ ನೆಂಟನ ಹೆಸರು. ನನ್ನ ಅಪ್ಪ, ದೊಡ್ಡಪ್ಪ, ಅವಳ ಮದುವೆ ಕುದುರಿಸಿದ ಚಿಕ್ಕಪ್ಪ, ಎಲ್ಲರೂ ಸಾಲಾಗಿ ಕೂತಿದ್ದರು. ಬಾಟಲಿಗೆ ಬರ ಬಂದದ್ದುಂಟು, ಹೆಸರಿಗೆ ಎಂದೂ ಬಂದಿಲ್ಲ.

ಚೀಟಿಗಳೆಲ್ಲ ತಮಿಳು ಅಕ್ಷರದಲ್ಲಿ. ತಮಿಳುನಾಡಿನ ಪಲ್ಲಡಂ ಪಕ್ಕದ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಬಾಯಲ್ಲಿದೆ, ಕೈಗೆ ಇಳಿದಿಲ್ಲ. ಮೈಸೂರಿಗೆ ಎಂ.ಎ. ಓದಲು ಹೋಗಿ ಅಕ್ಷರ ಕಲಿತು ಬಂದವನು ನಾನೊಬ್ಬನೇ. ಅತ್ತೆ ಇದನ್ನು ಓದಲಾರಳು. ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಇದನ್ನು ಧೈರ್ಯ ಎನ್ನಬಹುದೇ?

ಮದುವೆಯಾದ ಎರಡನೆಯ ವರ್ಷಕ್ಕೇ ಅವಳು ಕುನ್ನತ್ತೂರಿನ ಗಂಡನ ಮನೆಯಿಂದ ವಾಪಸು ಬಂದಳು. ಬಂದಳೋ, ಅವರೇ ಕಳಿಸಿದರೋ, ಮನೆಯಲ್ಲಿ ಎರಡು ಕಥೆಗಳಿವೆ. ಆಮೇಲೆ ಮೂವತ್ತು ವರ್ಷ ಅಪ್ಪನ ಮಗ್ಗದ ಷೆಡ್ಡಿನಲ್ಲಿ ನೂಲು ಸುತ್ತಿದಳು. ಮಗ್ಗಗಳು ಗುಜರಿಗೆ ಹೋದವು. ಖಾಲಿ ಷೆಡ್ಡಿಗೆ ಮೀನು ಬಂತು.

ಗಂಡುಗಳು ಒಂದಕ್ಕೊಂದು ಕಾಣದಂತೆ ಬಾಟಲಿಗಳ ನಡುವೆ ರಟ್ಟು ಇಡಬೇಕು. ಬೇರೆಯವರಾದರೆ ಹಳೆಯ ಪೆಟ್ಟಿಗೆ ಕತ್ತರಿಸುತ್ತಾರೆ. ನೇಕಾರರ ಮಗಳು ಹಾಗೆ ಮಾಡುತ್ತಾಳೆಯೇ? ತಾತನ ಕೈಮಗ್ಗದ ಜಕಾರ್ಡ್ ರಟ್ಟುಗಳನ್ನು ಅಟ್ಟದಿಂದ ಇಳಿಸಿದಳು. ಸೀರೆ ಅಂಚಿನ ಹೂವು, ನವಿಲುಗಳನ್ನೆಲ್ಲ ತೂತುಗಳಲ್ಲಿ ಕೊರೆದಿಟ್ಟ ರಟ್ಟು ಅದು. ತೂತು! ಒಂದೊಂದು ತೂತಿನಲ್ಲೂ ಎದುರಾಳಿಯ ಒಂದೊಂದು ಕಣ್ಣು! ಮೂರು ದಿನ ಬಂಧುಬಳಗವೆಲ್ಲ ಕಿವಿರು ಅರಳಿಸಿ, ಬಾಲ ಕೆದರಿ, ಮೇವು ಬಿಟ್ಟು ಗಾಜಿಗೆ ಗುದ್ದಿತು.

“ರಟ್ಟು ಬದಲಿಸು ಅತ್ತೆ.”

“ನಿಮ್ಮ ತಾತ ಇದ್ದಾಗ್ಲೂ ಹಿಂಗೇ ಡಾ. ನಡುವೆ ಅವರು ಕೂತಿರ್ತಿದ್ರು, ಇವರು ಸಂದೀಲಿ ನೋಡಿ ಗುರ್ ಅಂತಿದ್ರು.”

ಕೊನೆಗೆ ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಗಳನ್ನು ತೂತುಗಳ ಮೇಲೆ ಅಂಟಿಸಿದಳು. ಅಪ್ಪನಿಗೂ ದೊಡ್ಡಪ್ಪನಿಗೂ ನಡುವೆ ರಾಹುಕಾಲ ಬಂದು ನಿಂತಿತು.

ಒಂದು ದಿನ ಕೊಯಮತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವಳ ಫೋನು. ಮುದ್ದಿಗೆ ನನ್ನನ್ನು ಕಣ್ಣು ಎನ್ನುತ್ತಾಳೆ. “ಕಣ್ಣು, ನಿಮ್ಮಪ್ಪ ಹೋಗ್ಬುಟ್ಟ. ಬೆಳಗ್ಗೆ ನೋಡಿದ್ರೆ ತೇಲ್ತಿದ್ದ.” ಅಣ್ಣನನ್ನು ಏಕವಚನದಲ್ಲಿ ಕರೆದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಸ್ಸು ಹತ್ತಿ, ಸೂಲೂರು ದಾಟುವವರೆಗೂ ಅತ್ತು, ಮನೆಗೆ ಓಡಿದರೆ ಅಪ್ಪ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು! “ಏನ್ಡಾ, ಇವತ್ತು ಕಾಲೇಜು ಇಲ್ವಾ?” (ಸೂಲೂರಿನವರೆಗೆ ಅತ್ತೆನೆಂಬುದು ಈಗಿನ ನೆನಪು. ಆ ದಿನದ ಡೈರಿಯಲ್ಲಿ “ಬಸ್ಸಿನಲ್ಲಿ ಸೀಟು ಸಿಗಲಿಲ್ಲ” ಎಂದಷ್ಟೇ ಇದೆ.)

ಹೆಸರಿಲ್ಲದ ಗಂಡು ಒಂದೇ ಒಂದಿತ್ತು. ಮರಿ ಮಾಡಿಸುವ ಟಬ್ಬಿನ ಕೆಂಪು ಮೀನು. ಅದು ಕಾಡುಬಾದಾಮಿ ಎಲೆಯ ಕೆಳಗೆ ಗುಳ್ಳೆ ಊದಿ ಊದಿ ನೊರೆಯ ಗೂಡು ಕಟ್ಟುತ್ತದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಅದನ್ನು ಅಟ್ಟಾಡಿಸಿ ಕಚ್ಚುತ್ತದೆ; ಅತ್ತೆ ಹೆಣ್ಣನ್ನು ಬಲೆಯಲ್ಲಿ ಎತ್ತಿ ಬೇರೆ ಇಡುತ್ತಾಳೆ. ಆಮೇಲೆ ಗೂಡಿನಿಂದ ಜಾರಿದ ಒಂದೊಂದು ಮರಿಯನ್ನೂ ಬಾಯಲ್ಲಿ ಹಿಡಿದು ಮೇಲೆ ತಂದು ಅಂಟಿಸುವುದು ಗಂಡಿನ ಕೆಲಸ. ಉಪವಾಸವಿದ್ದು ಮಾಡುತ್ತದೆ!

“ಇವನಿಗೆ ಯಾರ ಹೆಸರು ಅತ್ತೆ?”

“ಇಡಕ್ಕೆ ಇಂಥವನು ನಮ್ಮಲ್ಲಿ ಯಾರು ಡಾ ಇದ್ದಾನೆ?”

ನಾನಿದ್ದೇನಲ್ಲ ಎಂದುಕೊಂಡೆ. ಯಾವ ಬಾಟಲಿಯಲ್ಲೂ ನಾನಿಲ್ಲ ಎಂಬ ಜಂಬವೇ ಸಾಕಾಗಿತ್ತು.

ಈ ವರ್ಷ ಬೇಸಿಗೆಗೆ ಮುಂಚೆ ಅಪ್ಪ ಷೆಡ್ಡನ್ನು ಬನಿಯನ್ ಹೊಲಿಯುವವರಿಗೆ ಬಾಡಿಗೆಗೆ ಕೊಟ್ಟರು. ಅತ್ತೆಗೆ ಮಾಳಿಗೆಯ ಮೇಲಿನ ತಗಡಿನ ಕೋಣೆ. “ನೀನೇ ಹೇಳು ಡಾ. ನಿನ್ನ ಮೇಲೆ ಅವಳಿಗೆ ಕೋಪ ಬರಲ್ಲ.” ಬಾಟಲಿಗೆ ಬೀಳದ ಒಬ್ಬನನ್ನು ಹುಡುಕಿ ಕಳಿಸಿದರು, ಎಂಥ ಜಾಣತನ! ನಾನು ಹೇಳಿದೆ. ತಗಡಿನ ಕಾವಿಗೆ ಮೀನು ಬದುಕುವುದಿಲ್ಲ ಎಂದು ಗೊತ್ತಿದ್ದೂ ಹೇಳಿದೆ. “ಎರಡೇ ತಿಂಗಳು ಅತ್ತೆ” ಎಂದೆನೆಂದು ನೆನಪು. ಡೈರಿಯಲ್ಲಿ “ಆರು ತಿಂಗಳು ಎಂದೆ” ಎಂದಿದೆ. ಯಾವುದಾದರೇನು, ಎರಡೂ ಸುಳ್ಳೇ. ಅವಳು ಅಂದದ್ದನ್ನು ಮಾತ್ರ ಬರೆದುಕೊಳ್ಳಲಿಲ್ಲ, ಅದಕ್ಕೇ ಇರಬೇಕು, ಮರೆತಿಲ್ಲ: “ಹೊರಡೋದು ನಂಗೇನು ಹೊಸದಾ, ಕಣ್ಣು?”

ಅವಳಿಗೆ ಮಂಡಿನೋವು. ಆ ಭಾನುವಾರವಿಡೀ ಬಾಟಲಿಗಳನ್ನು ಒಂದೊಂದಾಗಿ, ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲೇರಿ ಮೇಲೆ ಇಟ್ಟೆ. ಅದು ಪ್ರೀತಿಯೋ ಪಾಪಪ್ರಜ್ಞೆಯೋ ನನಗೆ ಇವತ್ತಿಗೂ ತಿಳಿಯದು.

ಅವಳು ಗೋಣಿಚೀಲ ನೆನೆಸಿ ನೆನೆಸಿ ಹೊದಿಸಿದರೂ ಅರ್ಧಕ್ಕರ್ಧ ಮೀನು ಸತ್ತವು. ಸತ್ತವರ ಚೀಟಿ ಕಿತ್ತಳು. ಉಳಿದವರ ಚೀಟಿಯನ್ನೂ ಕಿತ್ತಳು. “ಇನ್ನು ಬೈಯೋಕೆ ಮನಸ್ಸು ಬರಲ್ಲ ಡಾ. ಪಾವಂ” ಎಂದಳು.

ನಿನ್ನೆ ಹೋಗಿದ್ದೆ. ಮೂಲೆಯಲ್ಲಿ ಒದ್ದೆ ಗೋಣಿ ಸುತ್ತಿದ ಟಬ್ಬು. ಎಲೆಯ ಕೆಳಗೆ ಹೊಸ ನೊರೆ. ಕೆಂಪು ಮೀನು ಬದುಕಿತ್ತು! ಟಬ್ಬಿನ ಮೇಲೆ ಒಂದೇ ಒಂದು ಚೀಟಿ. ತಮಿಳಿನಲ್ಲಿ ನನ್ನ ಹೆಸರು.

“ನಾನೂ ಬಂದ್ಬಿಟ್ನಾ ಅತ್ತೆ?”

“ಬರದೆ? ನನ್ನನ್ನ ಷೆಡ್ಡಿಂದ ಎಬ್ಬಿಸಿದವನು ನೀನೇ ತಾನೆ?”

ನಾನು ಟಬ್ಬಿನ ಮೇಲೆ ಬಗ್ಗಿದೆ. ನೊರೆಯಿಂದ ಒಂದು ಮರಿ, ಉದುರಿದ ರೆಪ್ಪೆಗೂದಲಿನಂತೆ, ಕೆಳಗೆ ಜಾರಿತು. ಕೆಂಪು ಮೀನು ಬೆನ್ನಟ್ಟಿ ಹೋಗಿ, ಬಾಯಲ್ಲಿ ಹಿಡಿದು, ಮೇಲೆ ತಂದು ಅಂಟಿಸಿತು.

“ಒಂದೊಂದಾಗಿ ಮೇಲಕ್ಕೆ ಹೊತ್ತವನೂ ನೀನೇ” ಎಂದಳು. “ಒಂದು ತೊಟ್ಟು ಚೆಲ್ಲಲಿಲ್ಲ. ನಾನು ನೋಡ್ತಾನೇ ಇದ್ದೆ.”

ನಾನು ಹೊರಡುವಾಗ ಹೇಳಿದಳು: “ನಾಳಿದ್ದು ಬಾ. ಇವನನ್ನ ಎತ್ತಿಡ್ಬೇಕು. ಮರಿ ಈಜೋಕೆ ಕಲಿತ ಮೇಲೂ ಬಿಟ್ರೆ ಇವನೇ ತಿಂದ್ಬಿಡ್ತಾನೆ. ನನ್ನ ಕೈ ನಡುಗ್ತದೆ, ಕಣ್ಣು. ನೀನೇ ಎತ್ತು.”

ನಾಳೆ ಹೋಗುತ್ತೇನೆ. ಹೋಗದೆಯೇ ಹೋದೆನೆಂದು ಮುಂದೊಂದು ದಿನ ನೆನಪು ಸುಳ್ಳು ಹೇಳೀತೆಂದು ಇವತ್ತೇ ಬರೆದಿಡುತ್ತಿದ್ದೇನೆ. ಈ ಹಾಳೆಗಳನ್ನೂ ಒಯ್ಯುತ್ತೇನೆ. ಅವಳು ಓದಲಾರಳು, ಅವಳ ಎದುರು ಕೂತು ನಾನೇ ಓದಿ ಹೇಳಬೇಕು.