ಒಣಮೀನು ಹೊದ್ದು ನಿಂತ ಬ್ಯಾಟರಿ ಪೆಟ್ಟಿಗೆಯವರಿಗೆ

ಸಿಲುವೈತುರೈ ಕಡಲತೀರದ ಮೊಬೈಲ್ ಗೋಪುರದ ಪಾದಮೂಲದಲ್ಲಿ, ಸಿಮೆಂಟು ಕಟ್ಟೆಯ ಮೇಲೆ ಪೂರ್ವಾಭಿಮುಖವಾಗಿ ಬಿಜಯಂಗೈದಿರುವ ಶ್ವೇತವರ್ಣದ ಬ್ಯಾಟರಿ ಪೆಟ್ಟಿಗೆಯವರ ಸಮ್ಮುಖಕ್ಕೆ, ತಮ್ಮ ನೆರೆಮನೆಯವನೂ, ತೂತ್ತುಕುಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸಿ ರಸವೆಲ್ಲ ಬತ್ತಿದ ಮೇಲೆ ನಿವೃತ್ತನಾದವನೂ ಆದ ಸೂಸೈ ಮಚಾದೊ ಕೈಮುಗಿದು ಮಾಡುವ ವಿಜ್ಞಾಪನೆ.

ಮಾನ್ಯರೇ,

ನಾವಿಲ್ಲಿ ಕ್ಷೇಮ, ತಾವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಆರಂಭಿಸುವುದು ಪತ್ರದ ಮರ್ಯಾದೆ. ಆದರೆ ತಮ್ಮ 'ಅಲ್ಲಿ'ಗೂ ನನ್ನ 'ಇಲ್ಲಿ'ಗೂ ನಡುವೆ ಇರುವುದು ಒಂದು ಮೋಟುಗೋಡೆ ಮಾತ್ರ. ಅದರಾಚೆಯಿಂದ ತಾವು ಬಿಡುವ ಏದುಸಿರು ನನ್ನ ಊಟದ ತಟ್ಟೆಯವರೆಗೂ ಕೇಳಿಸುತ್ತಿರುವಾಗ ಅಂಥ ಸುಳ್ಳು ಬರೆಯಲು ಲೇಖನಿ ಒಪ್ಪುತ್ತಿಲ್ಲ. ಸರ್ವೀಸು ಮುಗಿಸಿ ಮೂಲೆ ಸೇರಿದವನು ನಾನು. ಸರ್ವೀಸನ್ನೇ ಕಾಣದೆ ಮೂಲೆ ಸೇರುತ್ತಿರುವವರು ತಾವು. ಈ ಸಮಾನದುಃಖದ ಸಲಿಗೆಯಿಂದಲೇ ನೇರವಾಗಿ ತಮಗೆ ಬರೆಯುತ್ತಿದ್ದೇನೆ. ತಮ್ಮನ್ನು ಇಲ್ಲಿ ನಿಲ್ಲಿಸಿ ಹೋದ ಕಂಪನಿಯವರಿಗೆ ಮೊದಲೇ ಬರೆದಿದ್ದೆ. 'ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಉತ್ತರ ಬಂತು. ಅಮೂಲ್ಯವೆಂದರೆ ಬೆಲೆಯೇ ಇಲ್ಲದ್ದು ಎಂದು ಆ ದಿನ ಮನವರಿಕೆಯಾಯಿತು.

ತಾವು ಮಾಡುವ ಉಪಕಾರವನ್ನು ಮೊದಲು ನೆನೆಯುವುದು ನನ್ನ ಧರ್ಮ. ನಮ್ಮ ಊರಿನಲ್ಲಿ ಗಾಳಿ ಏಳುವುದಕ್ಕೂ ಕರೆಂಟು ಹೋಗುವುದಕ್ಕೂ ಒಂದು ಹಳೆಯ ಒಪ್ಪಂದವಿದೆ. ಒಂದು ಬಂದರೆ ಇನ್ನೊಂದು ಹೋಗುತ್ತದೆ. ಆ ಹೊತ್ತಿನಲ್ಲಿ ಗೋಪುರವನ್ನು ಹೆಗಲ ಮೇಲೆ ಹೊತ್ತು ಜೀವ ಹಿಡಿಯಬೇಕಾದವರು ತಾವು. ದೋಣಿಗಳು ಕಡಲಲ್ಲಿರುವಾಗ ಇದು ಹರಟೆಯ ಪ್ರಶ್ನೆಯಲ್ಲ. ನನ್ನ ತಂಗಿ ಲೂರ್ದಮ್ಮಾಳ್ ನಮ್ಮ ಮನೆಯ ಮಾಳಿಗೆ ಹತ್ತಿ, ನೀರಿನ ಬಣ್ಣ ಕೆಡುತ್ತಿರುವುದನ್ನು ಕಂಡ ಕೂಡಲೇ ಗಂಡ ಕಸ್ಬಾರನಿಗೆ ಫೋನು ಮಾಡುತ್ತಾಳೆ. ಆ ಕರೆಯಲ್ಲಿ ಪ್ರೀತಿಯ ಮಾತೇನೂ ಇರುವುದಿಲ್ಲ. "ಏನ್ರೀ, ಬಲೆ ಬಿಟ್ಟಾಕಿ ಬರ್ತೀರೋ, ಇಲ್ಲ ನಾನೇ ಈಜ್ಕೊಂಡು ಬರ್ಲೋ?" ಎಂಬಷ್ಟೇ. ಅವನು ಬೈಯುತ್ತ ಬರುತ್ತಾನೆ, ಆದರೆ ಬರುತ್ತಾನೆ. ಅವಳ ಸಂಸಾರ ಆ ಒಂದು ಕರೆಯ ಮೇಲೆ ನಿಂತಿದೆ. ಆ ಕರೆ ತಮ್ಮ ಮೇಲೆ ನಿಂತಿದೆ. ತಾವು ಯಾವುದರ ಮೇಲೆ ನಿಂತಿದ್ದೀರಿ ಎಂಬುದು ಮಾತ್ರ ಸಿಮೆಂಟಿನ ಗುಣಮಟ್ಟ ನೋಡಿದರೆ ಹೇಳಲಾಗದು.

ಇನ್ನು ತಮ್ಮ ಹೊದಿಕೆಯ ವಿಷಯ. ಐಪ್ಪಸಿ ತಿಂಗಳ ಜಡಿಮಳೆಯಲ್ಲಿ ಬಿಸಿಲೆಂಬುದು ನಮಗೆ ಬಂಗಾರ. ನೆತ್ತಿಲಿ ಮೀನು ಉಪ್ಪಿನಲ್ಲಿ ಬಿದ್ದಿರುತ್ತದೆ, ಒಣಗುವುದಿಲ್ಲ, ನಾರುತ್ತದೆ. ಹೀಗಿರುವಾಗ ತಮ್ಮ ಬೆನ್ನಿನ ಜಾಲರಿಯಿಂದ ಹಗಲೂ ರಾತ್ರಿ ಬೆಚ್ಚನೆಯ ಗಾಳಿ ಬರುತ್ತದೆಂಬ ಮಹಾಶೋಧವನ್ನು ಮಾಡಿದವಳು ಬೇರೆ ಯಾರೂ ಅಲ್ಲ, ಅದೇ ಲೂರ್ದಮ್ಮಾಳ್. ಮೊದಲು ಒಂದು ಚಾಪೆ ಬಂತು. ಅದರ ಹಿಂದೆ ಊರಿನ ಅರ್ಧ ಹೆಂಗಸರ ಚಾಪೆಗಳು ಬಂದವು. ಮಳೆಹನಿ ಬೀಳಬಾರದೆಂದು ಮೇಲೊಂದು ನೀಲಿ ಟಾರ್ಪಾಲು ಏರಿತು. ಬಿಸಿಗಾಳಿ ಪೋಲಾಗಬಾರದೆಂದು ಅದರ ಅಂಚುಗಳನ್ನು ನೆಲಕ್ಕೆ ಬಿಗಿದು ಕಲ್ಲು ಹೇರಿದರು. ಮೀನಿನ ಹುರುಪೆ ತಮ್ಮ ಫ್ಯಾನಿಗೆ ಮೆತ್ತಿತು, ಉಪ್ಪು ತಮ್ಮ ಬಾಗಿಲಿನ ಕೀಲಿಗೆ ಇಳಿಯಿತು, ಬೆಕ್ಕುಗಳು ತಮ್ಮ ಕೇಬಲ್ಲಿನ ಮೇಲೆ ವಂಶಾಭಿವೃದ್ಧಿ ಮಾಡಿಕೊಂಡವು. ತಾವು ಬಿಟ್ಟ ಉಸಿರನ್ನೇ ತಾವು ಮತ್ತೆ ಎಳೆದುಕೊಳ್ಳಬೇಕಾದ ಈ ಯೋಗಾಭ್ಯಾಸವನ್ನು ತಾವು ಒಂದು ಮಾತೂ ಆಡದೆ ಮಾಡಿದಿರಿ. ನಾನಾಗಿದ್ದರೆ ಸೀನಿಯಾದರೂ ಬಿಡುತ್ತಿದ್ದೆ.

ತಮ್ಮ ಎದೆಯ ಮೇಲೆ ಎಚ್ಚರಿಕೆಯ ಫಲಕ ಇಲ್ಲವೇ ಎಂದು ಕೇಳುವವರಿಗೆ, ಇದೆ, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇದೆ, ಊರಿನವರು ಓದುವ ಒಂದು ಭಾಷೆಯನ್ನು ಬಿಟ್ಟು. ಜೊತೆಗೊಂದು ತಲೆಬುರುಡೆಯ ಚಿತ್ರ. ಅದರ ಅರ್ಥವನ್ನು ನಾನು ವಿವರಿಸಲು ಹೊರಟಾಗ ತಂಗಿ ತಾನೇ ವಿವರಿಸಿದಳು: "ಮೀನು ಕದಿಯೋರಿಗೆ ಬರ್ದಿರೋದು ಕಣಣ್ಣ ಅದು. ಕಂಪನಿಯೋರು ಎಷ್ಟು ಮುಂದಾಲೋಚ್ನೆ ಮಾಡಿದಾರೆ ನೋಡು!"

ಆದರೆ ನನ್ನ ನಿದ್ದೆ ಕೆಡಿಸಿದ್ದು ಹುರುಪೆಯಲ್ಲ, ಹೊಗೆ. ನೊಣ ಕೂರಬಾರದೆಂದು ಟಾರ್ಪಾಲಿನೊಳಗೆ ತೆಂಗಿನ ನಾರಿನ ಹೊಗೆಚಟ್ಟಿಯೊಂದನ್ನು ತಂದಿಟ್ಟರು. ಮಾನ್ಯರೇ, ಬೆಂದು ಉಬ್ಬಿದ ಬ್ಯಾಟರಿಯ ಹೊಟ್ಟೆಯಿಂದ ಹೊರಡುವ ಜಲಜನಕ ಎಷ್ಟು ಸಭ್ಯ ಅನಿಲ ಎಂಬುದನ್ನು ನಾನು ಜೀವಮಾನವಿಡೀ ಪಾಠ ಮಾಡಿದ್ದೇನೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಯಾಡುವ ಕಡೆ ಗೊತ್ತೇ ಆಗದಂತೆ ಎದ್ದು ಹೋಗುತ್ತದೆ. ಹೋಗಲು ದಾರಿ ಕೊಡದೆ ಮುಚ್ಚಿಟ್ಟು ಪಕ್ಕದಲ್ಲಿ ಕೆಂಡ ಇಟ್ಟರೆ ಮಾತ್ರ ಅದಕ್ಕೆ ಕೋಪ ಬರುತ್ತದೆ. ನಾನು ಪಂಚೆ ಎತ್ತಿಕಟ್ಟಿ ಓಡಿ ಚಟ್ಟಿಯನ್ನು ಹೊರಗೆ ಒದ್ದೆ. "ಗ್ಯಾಸು ಸಿಡಿಯುತ್ತೆ, ಗ್ಯಾಸು!" ಎಂದು ಕೂಗಿದೆ. "ನಿನಗೆ ಗ್ಯಾಸು ಯಾವಾಗ್ಲೂ ಇದ್ದದ್ದೇ, ಜೀರಿಗೆ ನೀರು ಕುಡಿ ಹೋಗಣ್ಣ" ಎಂದಳು ತಂಗಿ. ಹೆಂಗಸರೆಲ್ಲ ನಕ್ಕರು. ಆದರೂ ಅಂದಿನಿಂದ ಚಟ್ಟಿ ಒಳಗೆ ಬರಲಿಲ್ಲ. ನನ್ನ ವಿದ್ಯೆಗೆ ಹೆದರಿ ಅಲ್ಲ, ನನ್ನ ಕಾಲಿಗೆ ಹೆದರಿ.

ಇಷ್ಟೆಲ್ಲ ನಡೆಯುವಾಗ ತಮ್ಮನ್ನು ನೋಡಿಕೊಳ್ಳುವವರು ಇರಲಿಲ್ಲವೆಂದು ಯಾರಾದರೂ ಆಡಿದರೆ ನಾನೇ ಖಂಡಿಸುತ್ತೇನೆ. ಇಸಕ್ಕಿಮುತ್ತು ಎಂಬ ಗುತ್ತಿಗೆಯ ಸರ್ವೀಸು ಹುಡುಗ ಪ್ರತಿ ತಿಂಗಳೂ ತಪ್ಪದೆ ಬರುತ್ತಾನೆ. ಟಾರ್ಪಾಲಿನ ಮುಂಭಾಗವನ್ನು ನಾಟಕದ ಪರದೆಯಂತೆ ಎತ್ತುತ್ತಾನೆ, ತಮ್ಮ ಮುಖವನ್ನು ಒರೆಸುತ್ತಾನೆ, ಫೋಟೊ ತೆಗೆಯುತ್ತಾನೆ, ಪರದೆ ಇಳಿಸಿ ಹೋಗುತ್ತಾನೆ. ಆ ಫೋಟೊ ಚೆನ್ನೈನ ಕಚೇರಿಗೆ ತಲುಪಿದೊಡನೆ ತಾವು ಆರೋಗ್ಯವಂತರು. ಬಾಗಿಲನ್ನೇ ತೆರೆಯುವುದಿಲ್ಲವೇಕೆ ಎಂದು ಒಮ್ಮೆ ಕೇಳಿದೆ. "ಅಣ್ಣಾಚಿ, ನನಗೆ ಕೊಟ್ಟಿರೋದು ಒಂದು ಬಟ್ಟೆ, ಒಂದು ಫೋನು. ಕೈಗವಸು ಕೊಡಿ, ಕನ್ನಡಕ ಕೊಡಿ ಅಂತ ಕೇಳ್ತಾನೇ ಇದೀನಿ. ಬರಿಗೈಲಿ ಒಳಗೆ ಸ್ಪ್ಯಾನರ್ ಹಾಕಿ ಕಿಡಿ ಹಾರಿದ್ರೆ ಮದುವೆಗೆ ಮೊದ್ಲು ಮೀಸೆ ಹೋಗತ್ತೆ" ಎಂದ. ಅವನ ಮೀಸೆಯ ಮೇಲೆ ನನಗೂ ಗೌರವವಿರುವುದರಿಂದ ಒತ್ತಾಯಿಸಲಿಲ್ಲ. ಬಾಗಿಲು ತೆರೆಯದಿದ್ದರೆ ಒಳಗೆ ಅಪಘಾತವೇ ಆಗದು ಎಂಬ ತಮ್ಮ ಕಂಪನಿಯ ಸುರಕ್ಷಾ ತತ್ವಕ್ಕೆ ನನ್ನ ಸಾಷ್ಟಾಂಗ ಪ್ರಣಾಮ. ಇದೇ ತತ್ವವನ್ನು ಹಲ್ಲಿನ ವೈದ್ಯರೂ ಅಳವಡಿಸಿಕೊಂಡರೆ ಎಷ್ಟು ನೋವು ತಪ್ಪೀತು!

ಈಗ ಆ ಮಧ್ಯಾಹ್ನದ ಸಂಗತಿ. ತುಂತುರು ಮಳೆಯಿತ್ತು, ದಡ ಕಾಣದಷ್ಟು ಮಬ್ಬಿತ್ತು, ಕಸ್ಬಾರ್ ಕಡಲಲ್ಲಿದ್ದ. ವಾಡೈ ಗಾಳಿ ಬಡಗಣ ದಿಕ್ಕಿನಿಂದ ಎದ್ದಿತು; ಒಪ್ಪಂದದ ಪ್ರಕಾರ ಕರೆಂಟು ಹೋಯಿತು. ತಾವು ಗೋಪುರವನ್ನು ಹೆಗಲಿಗೇರಿಸಿಕೊಂಡಿರಿ, ಮತ್ತು ನಾನು ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಇಳಿಸಿಬಿಟ್ಟಿರಿ. ಮಾಳಿಗೆಯ ಮೇಲೆ ಲೂರ್ದಮ್ಮಾಳ್ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ತೆಗೆದು ನೋಡಿದಳು, ಮತ್ತೆ ಒತ್ತಿದಳು. "ಅಣ್ಣ, ಟವರ್ ಇಲ್ಲ" ಎಂದಳು. ಎಂದೂ ಬೈಯದೆ ಮಾತಾಡದವಳ ಬಾಯಲ್ಲಿ ಬೈಗುಳ ಇರಲಿಲ್ಲ. ನಾವಿಬ್ಬರೂ ಮೋಟುಗೋಡೆಯಾಚೆಗೆ ನೋಡಿದೆವು. ನೀಲಿ ಟಾರ್ಪಾಲು ಗಾಳಿಗೆ ಉಬ್ಬುತ್ತ ಇಳಿಯುತ್ತ ಇತ್ತು. ಅದರೊಳಗೆ ಅವಳದೇ ಮೀನು, ಹದವಾಗಿ ಒಣಗಿತ್ತು.

ಪ್ರಿಯ ಪೆಟ್ಟಿಗೆಯವರೇ, ಮುಂದೆ ನಡೆದದ್ದಕ್ಕೆ ತಮಗೆ ಊರು ಸನ್ಮಾನ ಮಾಡಬೇಕೆಂದು ಹೊರಟಿದೆ. ನಮ್ಮ ದೋಣಿಯವರಿಗೆ ಒಂದು ಕಟ್ಟಲೆಯಿದೆ. ಮಬ್ಬಿನಲ್ಲಿ ದಡ ಕಾಣದಾಗ ಅವರು ಫೋನಿನ ಸಿಗ್ನಲ್ ಕಡ್ಡಿಗಳನ್ನು ನೋಡುತ್ತಾರೆ. ಕಡ್ಡಿಯಿರುವವರೆಗೆ ದಡ ಹತ್ತಿರ, ಕಡ್ಡಿ ಹೋಯಿತೆಂದರೆ ನೀರೋಟ ದೋಣಿಯನ್ನು ಹೊರಕ್ಕೆ ಎಳೆದಿದೆ, ಹಿಂದಿರುಗು. ಕಸ್ಬಾರ್ ಅದನ್ನೇ ಮಾಡಿದ. ಗಾಳಿ ತನ್ನ ಪೂರ್ತಿ ಪ್ರತಾಪ ತೋರಿಸುವ ಮೊದಲೇ ಅವನ ದೋಣಿ ಮರಳಿಗೆ ಮೂತಿ ತಾಗಿಸಿತ್ತು. "ಕಡ್ಡಿ ಬರ್ಲಿ ಬರ್ಲಿ ಅಂತ ಓಡಿಸ್ತಾನೇ ಇದ್ದೆ ಮಚ್ಚಾನ್, ದಡಕ್ಕೆ ಬಂದು ಬಿದ್ರೂ ಬರ್ಲಿಲ್ಲ! ನಾನು ಯಾವ್ದೋ ಬೇರೆ ದೇಶಕ್ಕೆ ಬಂದೆ ಅನ್ಕೊಂಡೆ. ಆಮೇಲೆ ಇವಳ ದನಿ ಕೇಳಿಸ್ತು, ನಮ್ಮೂರೇ ಅಂತ ಗೊತ್ತಾಯ್ತು" ಎಂದು ನನ್ನ ಜಗುಲಿಯ ಮೇಲೆ ಒದ್ದೆ ಬನಿಯನ್ ಹಿಂಡುತ್ತ ಹೇಳಿದ.

ತಾವು ಬದುಕಿದ್ದರೆ ಕರೆ ಹೋಗುತ್ತಿತ್ತು. ತಾವು ಸತ್ತಿರಿ, ಗಂಡ ತಾನೇ ಬಂದ. ಉಳಿದು ಕಾಯುವವರನ್ನು ಜಗತ್ತು ಕಂಡಿದೆ, ಕೆಟ್ಟು ಕಾಯುವವರಲ್ಲಿ ತಾವೇ ಮೊದಲಿಗರು. ಹೆಂಗಸರಂತೂ ಟಾರ್ಪಾಲನ್ನು ಇನ್ನು ಮುಟ್ಟಲೇಬಾರದು, ಅದೇ ದೋಣಿ ತಂದದ್ದು ಎಂದು ತೀರ್ಮಾನಿಸಿದರು. ತಮ್ಮ ಕಂಪನಿಗೆ ಈ ಸುದ್ದಿ ಬರೆದೆ. 'ನಮ್ಮ ಸೇವೆಯಿಂದ ತಮ್ಮ ಕುಟುಂಬಕ್ಕೆ ಒಳಿತಾದುದು ಸಂತೋಷ' ಎಂದು ಮರುಟಪಾಲಿಗೇ ಉತ್ತರ ಬಂತು. ಅವರು ಇಷ್ಟು ಬೇಗ ಉತ್ತರಿಸಿದ್ದು ಇದೇ ಮೊದಲು.

ಎಲ್ಲರೂ ನಗುತ್ತಿದ್ದಾಗ ಕಸ್ಬಾರ್ ಒಂದು ಮಾತು ಹೇಳಿದ. ಈ ಪತ್ರ ಹುಟ್ಟಿದ್ದು ಅದರಿಂದ. ಕಡ್ಡಿ ಹೋದದ್ದು ಏಕೆಂಬುದನ್ನು ಯಾರೋ ಅವನಿಗೆ ತಿಳಿಸಿದ್ದರು. ಅವನು ಹೆಂಡತಿಯ ಕಡೆ ತಿರುಗಿ, "ಅಯ್ಯೋ, ನಿನ್ನ ಮೀನಿನ ಕೆಲ್ಸಾನಾ ಅದು? ಮೊದ್ಲೇ ಗೊತ್ತಿದ್ರೆ ಬಲೆ ಎತ್ತಿಕೊಂಡೇ ಬರ್ತಿದ್ದೆ. ಇನ್ಮೇಲೆ ಕಡ್ಡಿ ಹೋದ್ರೆ ನಾನು ತಲೆನೇ ಕೆಡಿಸ್ಕೊಳಲ್ಲ ಬಿಡು" ಎಂದು ನಕ್ಕ. ಲೂರ್ದಮ್ಮಾಳ್ ನಗಲಿಲ್ಲ. ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ಬೆಳಗ್ಗೆ ನಾನು ಎದ್ದಾಗ ತಮ್ಮ ಮೇಲೆ ಟಾರ್ಪಾಲಿರಲಿಲ್ಲ, ಚಾಪೆಗಳಿರಲಿಲ್ಲ. ಊರಿನ ಅಷ್ಟೂ ನೆತ್ತಿಲಿ ನನ್ನ ಮಾಳಿಗೆಯ ಮೇಲೆ ತಗಡಿನ ಮಾಡಿನಡಿ ಮಲಗಿತ್ತು. ಅವಳು ಯಾರಿಗೆ ಏನು ಹೇಳಿ ಒಪ್ಪಿಸಿದಳೋ ನನಗೆ ತಿಳಿಯದು; ಕೇಳುವ ಧೈರ್ಯವೂ ಆಗಲಿಲ್ಲ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆಗಳು. ಸಾಯಲೇಬೇಕಾದರೆ ತಾವು ಗಾಳಿ ಎದ್ದ ದಿನವೇ ಸಾಯತಕ್ಕದ್ದು, ಮತ್ತು ಇದು ಮೀನಿನ ಸಾವಲ್ಲ ಗಾಳಿಯ ಸಾವು ಎಂದು ಪ್ರತಿ ದೋಣಿಗೂ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಶಾಂತ ಹವೆಯ ದಿನ ಎಷ್ಟೇ ಹೊಟ್ಟೆಯುಬ್ಬರವಿದ್ದರೂ ಉಸಿರು ಬಿಗಿಹಿಡಿದು ಬದುಕತಕ್ಕದ್ದು. ಇವೆರಡೂ ಕಷ್ಟವೆನಿಸಿದಲ್ಲಿ, ಇವಕ್ಕಿಂತ ಹೆಚ್ಚು ಅಸಾಧ್ಯವಾದ ಮೂರನೆಯದೊಂದಿದೆ: ತಮ್ಮ ಬಾಗಿಲನ್ನು ಬಲ್ಲವರು ಒಮ್ಮೆ ತೆರೆಯುವಂತೆ ಮಾಡಿಕೊಳ್ಳತಕ್ಕದ್ದು. ಅವರು ಬೆರಳಿನ ಉಂಗುರ, ಕೊರಳಿನ ಸರ ಕಳಚಿಟ್ಟು, ಕೈಗವಸು ಕನ್ನಡಕ ಧರಿಸಿ, ಮೊದಲು ಸ್ವಿಚ್ಚು ಆರಿಸಿ, ಬಾಗಿಲು ತೆರೆದ ಮೇಲೆ ಒಳಗಿನ ಗಾಳಿ ಹೊರಹೋಗಲು ಬಿಟ್ಟು, ಹಿಡಿಗೆ ರಬ್ಬರು ಸುತ್ತಿದ ಸ್ಪ್ಯಾನರಿನಿಂದ ಸಡಿಲ ಬಿದ್ದದ್ದನ್ನು ಬಿಗಿದು, ಉಪ್ಪನ್ನು ಒಣಬಟ್ಟೆಯಲ್ಲಿ ಒರೆಸಿ ಗ್ರೀಸು ಹಚ್ಚಿ, ಫ್ಯಾನಿನ ಹುರುಪೆ ಕೆರೆದು, ಹೊಟ್ಟೆಯುಬ್ಬಿದ ಬ್ಯಾಟರಿಗಳಿಗೆ ಗೌರವದ ನಿವೃತ್ತಿ ಕೊಟ್ಟು ಹೊಸಬರನ್ನು ನೇಮಿಸತಕ್ಕದ್ದು. ದಯವಿಟ್ಟು ನಮ್ಮ ಚರ್ಚಿನ ತರುಣರು ಈ ಕೆಲಸಕ್ಕೆ ಕೈಹಾಕುವ ಮೊದಲು ಇದು ಆಗಲಿ. "ದೋಣಿ ಎಂಜಿನ್ ತೊಳ್ದಂಗೆ ಪೈಪಲ್ಲಿ ಒಂದ್ಸಲ ನೀರು ಹೊಡೆದ್ರೆ ಆಯ್ತು ವಾತ್ಯಾರೇ" ಎಂದು ಈ ಹಳೆಯ ಮೇಷ್ಟರಿಗೇ ಹೇಳುತ್ತ ಅವರು ಈಗಾಗಲೇ ಉತ್ಸಾಹದಿಂದ ಓಡಾಡುತ್ತಿದ್ದಾರೆ.

ಒಂದು ಮೋಟುಗೋಡೆಯ ದೂರದಿಂದ, ಕರೆಂಟು ಬಂದ ಮೇಲೆ ಮತ್ತೆ ಹೊತ್ತಿಕೊಂಡಿರುವ ತಮ್ಮ ಹಸಿರು ದೀಪದ ಮೇಲೆ ಕಣ್ಣಿಟ್ಟಿರುವ,

ತಮ್ಮ ವಿಶ್ವಾಸಿ,
ಸೂಸೈ ಮಚಾದೊ
(ಸದ್ಯ ಒಣಮೀನಿನ ಕೆಳಗೆ ವಾಸ)

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇಸಕ್ಕಿಮುತ್ತು ಹಲ್ಲು ಕಿರಿಯುತ್ತ ಬಂದ. ಕಂಪನಿ ಕೊನೆಗೂ ಕೈಗವಸು ಕಳಿಸಿದೆ, ಎಡಗೈಯದು. "ಬಲಗೈದು ಬರೋ ತಿಂಗಳಂತೆ ಅಣ್ಣಾಚಿ" ಎಂದು, ಅದನ್ನು ತೊಟ್ಟು, ತಮ್ಮ ಮುಚ್ಚಿದ ಬಾಗಿಲ ಮೇಲೆ ಕೈಯಿಟ್ಟು ಫೋಟೊ ತೆಗೆದುಕೊಂಡು ಹೋದ. ತಂಗಿ ತಮ್ಮನ್ನೂ ಕಂಪನಿಯನ್ನೂ ನಂಬಿ ಕೂತಿಲ್ಲ. ನನ್ನ ಮಾಳಿಗೆಯ ಮೇಲೆ ಒಂದು ಗಳು ನೆಟ್ಟು, ತನ್ನ ಕೆಂಪು ಸೀರೆಯನ್ನು ಅದಕ್ಕೇರಿಸಲು ಹಗ್ಗ ಕಟ್ಟಿದ್ದಾಳೆ. ಅದು ಮೇಲೇರಿದರೆ ಕಸ್ಬಾರ್ ಹಿಂದಿರುಗಬೇಕು. ಅದಕ್ಕೆ ಬ್ಯಾಟರಿ ಬೇಡ, ಸರ್ವೀಸು ಬೇಡ, ಗವಸು ಬೇಡ. ಒಂದೇ ಕೊರತೆ, ಮಬ್ಬು ಕವಿದಾಗ ಅದು ಕಡಲಿಗೆ ಕಾಣುವುದಿಲ್ಲ. ಕಸ್ಬಾರ್ ಬೆಳಗ್ಗೆಯೇ ದೋಣಿ ಇಳಿಸಿದ್ದಾನೆ. ಈಗ ತುಂತುರು ಶುರುವಾಗಿದೆ.